ವಾಟರ್ಲೂ ಅಶ್ವದಳ, 28 ಮಿಮೀ: ಯಾವ ರೆಜಿಮೆಂಟಿಗೆ ಯಾವ ಬಣ್ಣದ ಕುದುರೆ?

ಸಣ್ಣಸೈನ್ಯ

ಎಲ್ಲರಿಗೂ ನಮಸ್ಕಾರ. ವಾಟರ್ಲೂ (18 ಜೂನ್ 1815) ಮೇಜಿನ ಯುದ್ಧದಾಟಕ್ಕೆ 28 ಮಿಮೀ ಅಳತೆಯ ಬೊಂಬೆಗಳ ಅಶ್ವದಳದ ಮೂರು ತುಕಡಿ ಬಣ್ಣಕ್ಕೆ ಕೂತಿವೆ: ಸ್ಕಾಟ್ಸ್ ಗ್ರೇಸ್ 12, ಬ್ರಿಟಿಷರ 1ನೇ ರಾಯಲ್ ಡ್ರಗೂನ್ಸ್ 12, ಫ್ರೆಂಚ್ ಕ್ವಿರಾಸಿಯರ್ (ಎದೆಗವಚ ತೊಟ್ಟ ಭಾರಿ ಸವಾರರು) 14. ಬಿಳಿ ಪ್ರೈಮರ್ ಮುಗಿದಿದೆ. ಸವಾರರ ಸಮವಸ್ತ್ರದ ಬಗ್ಗೆ ಗುಂಡಿಯ ಲೆಕ್ಕದವರೆಗೂ ಮಾಹಿತಿ ಸಿಗುತ್ತದೆ. ಕುದುರೆ ವಿಷಯಕ್ಕೆ ಬಂದರೆ "ಕಂದು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕೇಳಬೇಕಾದ್ದು ಇಷ್ಟು. ಗ್ರೇಸ್ ದಳದ ಕುದುರೆಗಳೆಲ್ಲ ಬಿಳಿಯೇ? ಉಳಿದೆರಡು ದಳಕ್ಕೆ ಯಾವ ಬಣ್ಣ, ಎಷ್ಟೆಷ್ಟು? ಕಹಳೆಯವನ ಕುದುರೆ ಬೇರೆ ಬಣ್ಣದ್ದೇ? ವ್ಯಾಲೆಹೊ ಮಾಡೆಲ್ ಕಲರ್ (ಅಕ್ರಿಲಿಕ್) ಬಾಟಲಿಗಳಿವೆ, ಆಯಿಲ್ ಟ್ಯೂಬುಗಳೂ ಇವೆ.

ಲಾಳದಕಟ್ಟೆ

ರೆಜಿಮೆಂಟಿಗೆ ಹೋಗುವ ಮುಂಚೆ ಕುದುರೆಗೆ ಬನ್ನಿ ಸರ್. ಮೇಜಿನ ಮೇಲೆ ಕಣ್ಣಿಗೆ ಹೊಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಇತಿಹಾಸದ ತಪ್ಪುಗಳಲ್ಲ. ಅಂಥ ಬಣ್ಣದ ಕುದುರೆ ಹುಟ್ಟುವುದೇ ಇಲ್ಲ, ಅಷ್ಟೆ.

ಕೂದಲಿನಲ್ಲಿ ಇರುವುದು ಎರಡೇ ವರ್ಣದ್ರವ್ಯ, ಒಂದು ಕಪ್ಪು, ಒಂದು ಕೆಂಪು. ಇವೆರಡರ ಹಂಚಿಕೆಯಿಂದ ಮೂರು ಮೂಲಬಣ್ಣ ಬರುತ್ತವೆ. ಮೈಯೆಲ್ಲ ಕಪ್ಪಿದ್ದರೆ ಕರಿ ಕುದುರೆ. ಕಪ್ಪು ಮೈ ಬಿಟ್ಟು ತುದಿಗಳಿಗೆ ಮಾತ್ರ ಸರಿದರೆ ಬೇ: ಮೈ ಕೆಂಗಂದು, ಜೂಲು ಕಪ್ಪು, ಬಾಲ ಕಪ್ಪು, ಕಿವಿಯಂಚು ಕಪ್ಪು, ಮೊಣಕಾಲಿನಿಂದ ಕೆಳಗೆ ಕಾಲು ಕಪ್ಪು. ಕಪ್ಪು ಕೂದಲೇ ಹುಟ್ಟದಿದ್ದರೆ ಚೆಸ್ಟ್‌ನಟ್: ಮೈ, ಕಾಲು, ಜೂಲು, ಬಾಲ ಎಲ್ಲ ಕೆಂಪು ಬಳಗದ್ದೇ. ಜೂಲು ಮೈಗಿಂತ ತಿಳಿಯಾಗಿ ಹುಲ್ಲಿನ ಬಣ್ಣಕ್ಕೆ ಹೋಗಬಹುದು, ಕಪ್ಪಿಗೆ ಹೋಗಲಾರದು.

ಈಗ ಬಣ್ಣ ಬಳಿದ ಯಾವುದಾದರೂ ತುಕಡಿ ನೋಡಿ. ಕಿತ್ತಳೆ ಛಾಯೆಯ ಕೆಂಪು ಮೈ, ಕೆಂಪು ಕಾಲು, ಮೇಲೆ ಕಪ್ಪು ಜೂಲು. ಅದು ಬೇ ಅಲ್ಲ, ಚೆಸ್ಟ್‌ನಟ್ಟೂ ಅಲ್ಲ. ಜೂಲಿಗೆ ಕಪ್ಪು ಹಚ್ಚಿದರೆ ನಾಲ್ಕೂ ಕಾಲಿಗೆ ಕಪ್ಪು ಹಚ್ಚಲೇಬೇಕು. ಈ ಒಂದು ಸೂತ್ರ ಕೈಗೆ ಹತ್ತಿದರೆ ಅರ್ಧ ಕೆಲಸ ಮುಗಿಯಿತು.

ನಾಲ್ಕನೆಯದು ಕಡುಗಂದು. ದೂರಕ್ಕೆ ಕರಿಯಂತೆಯೇ ಕಾಣುತ್ತದೆ. ಮೂತಿಯ ಸುತ್ತ, ಕಣ್ಣಿನ ಸುತ್ತ, ಹೊಟ್ಟೆ ತೊಡೆ ಸೇರುವಲ್ಲಿ ಮಾತ್ರ ತಿಳಿ ಕಂದು. ಭಾರಿ ಅಶ್ವದಳಕ್ಕೆ ಇದು ತುಂಬಾ ಉಪಯೋಗದ ಬಣ್ಣ.

ಮಲಪ್ರಭಾ

ಬಿಳಿ ಗುರುತಿನ ವಿಷಯದಾಗ ಒಂದು ಮಾತು ಸೇರಸ್ತೀನ್ರಿ. ಬೇ ಕುದುರಿಗೆ ಬಿಳಿ ಕಾಲ್ಚೀಲ ಹಾಕೋದಿದ್ರ ಕಪ್ಪು ಕಾಲಿನ ಮ್ಯಾಲೆ ಹಾಕ್ರಿ. ಗೊರಸಿನಿಂದ ಬಿಳಿ, ಅದರ ಮ್ಯಾಲೆ ಮೊಣಕಾಲ ತನಕ ಕಪ್ಪು, ಆಮ್ಯಾಲೆ ಕಂದು ಮೈ. ಕಪ್ಪು ಬಿಟ್ಟು ಕಂದಿನಿಂದ ಸೀದಾ ಬಿಳಿಗೆ ಇಳಿದ್ರ ಅದು ಚೆಸ್ಟ್‌ನಟ್ ಕಾಲು ಆಗತದ.

ಬಿಳಿ ಇದ್ದಲ್ಲಿ ಕೆಳಗಿನ ಚರ್ಮ ಗುಲಾಬಿ. ಹಂಗಾಗಿ ಮುಖದ ಪಟ್ಟಿ ಮೂಗಿನ ತನಕ ಇಳಿದಿದ್ರ ಮೂಗಿನ ಹೊಳ್ಳಿ ನಡುವ ಸಣ್ಣಗೆ ಗುಲಾಬಿ ಇಡ್ರಿ. ಗೊರಸೂ ಹಂಗ: ಬಿಳಿ ಕಾಲಿನ ಕೆಳಗ ಮಾಸಲು ಕೊಂಬಿನ ಬಣ್ಣ, ಬಣ್ಣದ ಕಾಲಿನ ಕೆಳಗ ಕಡು ಬೂದು. ನಾಲ್ಕೂ ಗೊರಸು ಒಂದೇ ಕಪ್ಪು ಬಳಿಯೋದು ಬ್ಯಾಡ್ರಿ.

12 ಕುದುರಿಯೊಳಗ 4ಕ್ಕ ಯಾವ ಗುರುತೂ ಬ್ಯಾಡ. 4ಕ್ಕ ಬರೇ ಹಣಿ ಮ್ಯಾಲೆ ಬೊಟ್ಟು. 2ಕ್ಕ ಸಣ್ಣ ಪಟ್ಟಿ, ಒಂದು ಹಿಂಗಾಲಿಗೆ ಕಾಲ್ಚೀಲ. ಉಳಿದ ಎರಡರಾಗ ಒಂದಕ್ಕ ಅಗಲ ಪಟ್ಟಿ, ಎರಡು ಕಾಲ್ಚೀಲ, ಇನ್ನೊಂದಕ್ಕ ಮೂಗಿನ ತುದಿಗೆ ಚುಕ್ಕಿ. ನಾಲ್ಕೂ ಕಾಲು, ಮುಖ ಎಲ್ಲಾ ಬಿಳಿ ಇರೋ ಪಂಚಕಲ್ಯಾಣಿ ನಮ್ಮ ಕಡೆ ಶುಭ ಅಂತ ಹುಡುಕಿ ತರ್ತಾರ. ಆದ್ರ ಇಡೀ ತುಕಡಿ ಪಂಚಕಲ್ಯಾಣಿ ಮಾಡಿದ್ರ ಸರ್ಕಸ್ ಕಂಡಂಗ ಕಾಣತದ.

ಲಾಳದಕಟ್ಟೆ

ಮಲಪ್ರಭಾ ಅವರು ಹೇಳಿದ್ದು ಸರಿ. ಇನ್ನೊಂದು: ಕಾಲ್ಚೀಲದ ಮೇಲಂಚನ್ನು ಗೆರೆ ಎಳೆದ ಹಾಗೆ ಮುಗಿಸಬೇಡಿ. ಕೂದಲು ಕೆಳಮುಖವಾಗಿರುವುದರಿಂದ ಅಂಚು ಹಲ್ಲುಹಲ್ಲಾಗಿರುತ್ತದೆ. ಬಿಳಿ ಹಚ್ಚಿದ ಮೇಲೆ ಕಾಲಿನ ಬಣ್ಣದಲ್ಲೇ ಮೂರ್ನಾಲ್ಕು ಕಿರುಗೆರೆ ಕೆಳಕ್ಕೆ ಎಳೆದರೆ ಸಾಕು.

ತುಂಗಾತೀರ

ಗ್ರೇಸ್ ಬಗ್ಗೆ ಬರೆಯುತ್ತೇನೆ, ಇದು ಸ್ವಲ್ಪ ಉದ್ದವಾಗುತ್ತದೆ.

ಇಂಗ್ಲಿಷಿನಲ್ಲಿ ಗ್ರೇ ಎಂದರೆ ಬೂದು ಬಣ್ಣವೊಂದೇ ಅಲ್ಲ, ವಯಸ್ಸಿನ ಜೊತೆ ನರೆಯುವ ಕುದುರೆ. ಹುಟ್ಟುವಾಗ ಕರಿಯೋ ಬೇಯೋ ಚೆಸ್ಟ್‌ನಟ್ಟೋ ಆಗಿರುತ್ತದೆ. ವರ್ಷ ಕಳೆದಂತೆ ಬಿಳಿ ಕೂದಲು ತುಂಬುತ್ತಾ ಹೋಗುತ್ತದೆ. ಎಳೆಯದು ಕಬ್ಬಿಣದ ಬೂದು, ನಡುವಯಸ್ಸಿನದಕ್ಕೆ ಮೈಮೇಲೆ ಗುಂಡು ಚುಕ್ಕೆ, ವಯಸ್ಸಾದದ್ದು ಹೆಚ್ಚುಕಡಿಮೆ ಬಿಳಿ. ಕೆಲವಕ್ಕೆ ಬಿಳಿಯಾದ ಮೇಲೆ ಮೈಮೇಲೆ ಕಂದು ನಸುಕು ಬೀಳುತ್ತದೆ, ಸಾಸಿವೆ ಚೆಲ್ಲಿದ ಹಾಗೆ. ಒಂದು ರೆಜಿಮೆಂಟಿನಲ್ಲಿ ಎಲ್ಲ ವಯಸ್ಸಿನ ಕುದುರೆ ಇರುತ್ತವೆ. ಅಂದಮೇಲೆ ಒಂದೇ ಬಿಳಿಯ ಹನ್ನೆರಡು ಕುದುರೆ ನಿಲ್ಲಿಸಿದರೆ ಅದು ತಪ್ಪೇ. 12ಕ್ಕೆ ಹೀಗೆ ಹಂಚಿ: ಕಬ್ಬಿಣದ ಬೂದು 3, ಚುಕ್ಕೆ ಬೂದು 5, ಬಿಳಿಗೆ ಹತ್ತಿರದವು 3, ನಸುಕಿನದು 1.

ನರೆಯುವುದು ಎಲ್ಲ ಕಡೆ ಒಟ್ಟಿಗೆ ಆಗುವುದಿಲ್ಲ. ಮುಖ ಮೊದಲು ಬಿಳಿಯಾಗುತ್ತದೆ, ಕಾಲು ಕೊನೆಗೆ. ಕಬ್ಬಿಣದ ಬೂದು ಕುದುರೆಗೆ ಮುಖ ಮೈಗಿಂತ ಒಂದು ಹಂತ ತಿಳಿ ಇರಲಿ, ಮೊಣಕಾಲು ಮತ್ತು ಹಿಂಗಾಲಿನ ಕೀಲು ಒಂದು ಹಂತ ಗಾಢ ಇರಲಿ. ಇಷ್ಟಕ್ಕೇ ಕುದುರೆಗೆ ಜೀವ ಬರುತ್ತದೆ.

ಚರ್ಮ ಮಾತ್ರ ಕೊನೆಯವರೆಗೂ ಕಪ್ಪೇ. ಬಿಳಿ ಕುದುರೆಯ ಮೂತಿ, ಕಣ್ಣಿನ ಸುತ್ತ, ಕಿವಿಯೊಳಗೆ ಬಳಪದ ಕಲ್ಲಿನ ಬಣ್ಣ ಇರಬೇಕು. ಇಡೀ ಮೂತಿಗೆ ಗುಲಾಬಿ ಹಚ್ಚುವುದು ತುಂಬ ಕಾಣಸಿಗುವ ತಪ್ಪು. ಅಲ್ಲಿ ವ್ಯಾಲೆಹೊ ಬಾಟಲಿ ಸಂಖ್ಯೆ 70.862 ಬ್ಲ್ಯಾಕ್ ಗ್ರೇ ತೆಳ್ಳಗೆ ಎರಡು ಸಲ ಹಚ್ಚಿ, ಅಂಚನ್ನು ಒದ್ದೆ ಕುಂಚದಿಂದ ಮೈಗೆ ಬೆರೆಸಿ.

ಚುಕ್ಕೆಯ ವಿಷಯ. ತಿಳಿ ಮೈಮೇಲೆ ಗಾಢ ಚುಕ್ಕೆ ಇಟ್ಟರೆ ಚಿರತೆಯಾಗುತ್ತದೆ. ನಿಜದಲ್ಲಿ ಚುಕ್ಕೆ ತಿಳಿ, ಸುತ್ತಲ ಬಲೆ ಗಾಢ. ಅಳತೆ ಲೆಕ್ಕ ಹಾಕಿ: 28 ಮಿಮೀ ಅಂದರೆ ಸುಮಾರು 1:56. ಮೂರೂವರೆ ಸೆಂಟಿಮೀಟರಿನ ಚುಕ್ಕೆ ಇಲ್ಲಿ 0.6 ಮಿಮೀ ಆಗುತ್ತದೆ. ಟೂತ್‌ಪಿಕ್ಕಿನ ತುದಿಯೇ ಅದಕ್ಕೆ ದಪ್ಪ. ತಳಕ್ಕೆ 70.992 ನ್ಯೂಟ್ರಲ್ ಗ್ರೇ, ಒಣಗಿದ ಮೇಲೆ 000 ಕುಂಚದ ತುದಿಯಲ್ಲಿ 70.990 ಲೈಟ್ ಗ್ರೇ ಚುಕ್ಕೆಗಳು. ಪುಟ್ಟೆ (ಹಿಂಭಾಗ), ಭುಜ, ಪಕ್ಕೆಯ ಕೆಳಭಾಗದಲ್ಲಿ ದಟ್ಟವಾಗಿ ಇಡಿ. ಬೆನ್ನಿನ ಕಡೆ ವಿರಳ, ಮುಖಕ್ಕೂ ಮೊಣಕಾಲ ಕೆಳಗೂ ಬೇಡವೇ ಬೇಡ. ಕೊನೆಗೆ ಇಡೀ ಮೈಗೆ ಲೈಟ್ ಗ್ರೇ 1 ಪಾಲು, ನೀರು 6 ಪಾಲು ಬೆರೆಸಿ ಒಂದು ತೆಳು ಪರದೆ ಎಳೆಯಿರಿ. ಚುಕ್ಕೆಗಳು ಕೂದಲಿನೊಳಗೆ ಇಳಿದಂತೆ ಕೂರುತ್ತವೆ. ಪರದೆ ಎಳೆಯದಿದ್ದರೆ ಅಂಟಿಸಿದ ಬಿಂದಿಯ ಹಾಗೆ ಮೇಲೆಯೇ ನಿಲ್ಲುತ್ತವೆ.

ಬಿಳಿಗೆ ಹತ್ತಿರದ ಮೂರಕ್ಕೆ ಅಪ್ಪಟ ಬಿಳಿ ಬಳಸಬೇಡಿ. ಲೈಟ್ ಗ್ರೇ ತಳ, ಮೇಲೆ 70.918 ಐವರಿ. ಅಪ್ಪಟ ಬಿಳಿ ಸವಾರನ ಅಡ್ಡಪಟ್ಟಿಗೆ ಇರಲಿ, ಇಲ್ಲವಾದರೆ ಕುದುರೆಯೂ ಪಟ್ಟಿಯೂ ಒಂದೇ ಆಗಿ ಸವಾರ ಕಾಣದೇ ಹೋಗುತ್ತಾನೆ.

ಕುಂಚಕೋಣೆ

ತುಂಗಾತೀರ ಸರ್, ಗ್ರೇಸ್ ದಾಳಿಯ ಆ ಪ್ರಸಿದ್ಧ ತೈಲಚಿತ್ರ 'ಸ್ಕಾಟ್ಲೆಂಡ್ ಫಾರೆವರ್!'ನಲ್ಲಿ ಕುದುರೆಗಳು ಬಹುತೇಕ ಬಿಳಿಯಾಗಿಯೇ ಇವೆಯಲ್ಲ? ಅದನ್ನು ಆಧಾರ ಮಾಡಿಕೊಳ್ಳಬಾರದೇ?

ತುಂಗಾತೀರ

ಆ ಚಿತ್ರ 1881ರದ್ದು, ಯುದ್ಧ ಮುಗಿದು 66 ವರ್ಷದ ಮೇಲೆ ಬರೆದದ್ದು. ಕುದುರೆಯ ಓಟ, ಸ್ನಾಯು, ಮೂಗಿನ ಹೊಳ್ಳೆ ಕಲಿಯಲು ಅದು ಚಿನ್ನದಂಥ ಚಿತ್ರ. 1815ರ ಬಣ್ಣಕ್ಕೆ ಸಾಕ್ಷಿ ಅಲ್ಲ. ಅದರಲ್ಲೂ ಗಮನವಿಟ್ಟು ನೋಡಿದರೆ ಬೂದಿನ ಹಲವು ಹಂತ ಸಿಗುತ್ತವೆ.

ಸ್ಕಾಟ್ಸ್ ಗ್ರೇಸ್ ಮಾಡುವವರು ಇಸವಿ ನೋಡಿಕೊಳ್ಳಿ ಎನ್ನುವುದು ಇದಕ್ಕೇ. 1914ರಲ್ಲಿ ಫ್ರಾನ್ಸಿಗೆ ಹೋದಾಗ ಇದೇ ದಳದ ಕುದುರೆಗಳಿಗೆ ದೂರದಿಂದ ಗುರಿ ಸಿಗಬಾರದೆಂದು ಬಣ್ಣ ಹಾಕಿ ಚೆಸ್ಟ್‌ನಟ್ ಮಾಡಿದ್ದರು. ಆ ಕಾಲದ ಗ್ರೇಸ್ ಮಾಡುವುದಾದರೆ ಮೇಲೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ.

ಲಾಳದಕಟ್ಟೆ

ಇನ್ನು ರಾಯಲ್ಸ್ ಮತ್ತು ಕ್ವಿರಾಸಿಯರ್.

ರಾಯಲ್ಸ್, ಗ್ರೇಸ್, 6ನೇ ಇನ್ನಿಸ್ಕಿಲ್ಲಿಂಗ್ ಮೂರೂ ಸೇರಿ ಯೂನಿಯನ್ ಬ್ರಿಗೇಡ್. ಗ್ರೇಸ್ ಬಿಟ್ಟರೆ ಉಳಿದೆರಡಕ್ಕೆ ಗಾಢ ಬಣ್ಣದ ಮಿಶ್ರಣ. 12ಕ್ಕೆ ಗಾಢ ಬೇ 4, ಬೇ 4, ಕಡುಗಂದು 2, ಕರಿ 1, ಕಹಳೆಯವನಿಗೆ ಬೂದು 1 ಎಂದು ನಾನು ಹಾಕುತ್ತೇನೆ. ಲೈಫ್ ಗಾರ್ಡ್ಸ್ ಮತ್ತು ರಾಯಲ್ ಹಾರ್ಸ್ ಗಾರ್ಡ್ಸ್ ಮಾಡಿದರೆ ಕರಿ ಕುದುರೆ. ಫ್ರೆಂಚ್ ಇಂಪೀರಿಯಲ್ ಗಾರ್ಡಿನ ಗ್ರೆನೇಡಿಯರ್ ಅಶ್ವದಳಕ್ಕೂ ಕರಿಯೇ.

ಕ್ವಿರಾಸಿಯರ್‌ಗಳಿಗೆ ದೊಡ್ಡ, ಗಾಢ ಬಣ್ಣದ ಕುದುರೆ ಕೊಡುವುದು ಪದ್ಧತಿ. ಆದರೆ 1812ರ ರಷ್ಯಾ ದಂಡಯಾತ್ರೆಯಲ್ಲಿ ಫ್ರೆಂಚ್ ಅಶ್ವದಳದ ಬಹುಪಾಲು ಕುದುರೆಗಳು ಸತ್ತುಹೋದವು. ಆಮೇಲಿನ ವರ್ಷಗಳಲ್ಲಿ ಸಿಕ್ಕಿದ್ದನ್ನು ಹತ್ತಿದರು. 1815ರಲ್ಲಿ ಪೊಲೀಸ್ ಕೆಲಸದ ಜಂಡಾರ್ಮರಿಯ ಕುದುರೆಗಳನ್ನೂ ಸೇನೆಗೆ ಎಳೆದುಕೊಂಡರು. ಹೀಗಾಗಿ 1807ರ ದಳ ಮಾಡಿದರೆ ಬಣ್ಣ ಬಿಗಿಯಾಗಿರಲಿ, 1815ರದ್ದಕ್ಕೆ ಸಡಿಲವಾಗಿರಲಿ. 14ಕ್ಕೆ: ಕಡುಗಂದು 4, ಕರಿ 3, ಬೇ 4, ಚೆಸ್ಟ್‌ನಟ್ 2, ಕಹಳೆಯವನ ಬೂದು 1.

ಕಹಳೆಯವನು ಬೂದು ಕುದುರೆ ಹತ್ತುವುದು ಅಲಂಕಾರಕ್ಕಷ್ಟೇ ಅಲ್ಲ. ಹೊಗೆ ತುಂಬಿದ ಬಯಲಲ್ಲಿ ದಳಪತಿಯ ಆಜ್ಞೆ ಕಹಳೆಯಿಂದಲೇ ಹೋಗಬೇಕು, ಅವನು ಎಲ್ಲಿದ್ದಾನೆಂದು ಒಂದೇ ನೋಟಕ್ಕೆ ತಿಳಿಯಬೇಕು. ಲಂಡನ್ನಿನ ಹೌಸ್‌ಹೋಲ್ಡ್ ಕ್ಯಾವಲ್ರಿಯಲ್ಲಿ ಇವತ್ತಿಗೂ ಕಹಳೆಯವರು ಬೂದು ಕುದುರೆಯ ಮೇಲೇ ಬರುತ್ತಾರೆ. ಫ್ರೆಂಚರ ಸಾಲಿನಲ್ಲಿ ಸಾಮಾನ್ಯ ಸವಾರರ ತಡಿಯ ಮೇಲೆ ಬಿಳಿ ಕುರಿಚರ್ಮ, ಕಹಳೆಯವನಿಗೆ ಕಪ್ಪು ಕುರಿಚರ್ಮ. ಬೂದು ಕುದುರೆಯ ಮೇಲೆ ಅದು ಎದ್ದು ಕಾಣುತ್ತದೆ.

ಸೇನಾಪತಿಗಳ ಬಿಡಿ ಬೊಂಬೆ ಇದ್ದರೆ: ಬ್ರಿಟಿಷರ ವೆಲ್ಲಿಂಗ್ಟನ್‌ನ ಕುದುರೆ ಕೋಪನ್‌ಹೇಗನ್ ಚೆಸ್ಟ್‌ನಟ್, ನೆಪೋಲಿಯನ್‌ನ ಕುದುರೆ ಮರೆಂಗೊ ಬೂದು.

ಸಣ್ಣಸೈನ್ಯ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಬೇ, ಚೆಸ್ಟ್‌ನಟ್, ಕರಿಗೆ ಬಾಟಲಿ ಸಂಖ್ಯೆ ಕೊಡುತ್ತೀರಾ? ಆಯಿಲ್ ಹಚ್ಚಿ ಒರೆಸುವ ವಿಧಾನ 26 ಕುದುರೆಗೆ ಅನುಕೂಲವೇ?

ಕುಂಚಕೋಣೆ

ಆಯಿಲ್ ವಿಧಾನ ಒಟ್ಟಿಗೆ ಮಾಡುವುದಕ್ಕೇ ಹೇಳಿಮಾಡಿಸಿದ್ದು. ಕ್ರಮ ಹೀಗೆ.

ತಳಬಣ್ಣ ಅಕ್ರಿಲಿಕ್, ತೆಳ್ಳಗೆ ಎರಡು ಸಲ. ಅದರ ಮೇಲೆ ಸ್ಯಾಟಿನ್ (ಅರೆಹೊಳಪಿನ) ವಾರ್ನಿಶ್ ಒಂದು ಸಲ. 24 ಗಂಟೆ ಬಿಡಿ. ವಾರ್ನಿಶ್ ಬಿಟ್ಟರೆ ಒರೆಸುವಾಗ ಮೂಳೆ ಉಬ್ಬಿದ ಕಡೆ ತಳಬಣ್ಣವೇ ಕಿತ್ತು ಪ್ರೈಮರ್ ಕಾಣುತ್ತದೆ.

ಆಯಿಲ್ ಅನ್ನು ಟ್ಯೂಬಿನಿಂದ ಸೀದಾ ಹಚ್ಚಿ, ಟರ್ಪಂಟೈನ್ ಬೆರೆಸಬೇಡಿ. ಬಟಾಣಿ ಕಾಳಿನಷ್ಟು ನಾಲ್ಕೈದು ಕುದುರೆಗೆ ಆಗುತ್ತದೆ. ಗಟ್ಟಿ ಕೂದಲಿನ ಹಳೆಯ ಕುಂಚದಿಂದ ಸಂದುಗೊಂದಿಗೆಲ್ಲ ತುಂಬಿ. 15 ನಿಮಿಷ ಬಿಟ್ಟು ಮೇಕಪ್ ಸ್ಪಂಜಿನಿಂದ ಒರೆಸಿ: ಕುತ್ತಿಗೆಯ ಉಬ್ಬು, ಭುಜ, ಪುಟ್ಟೆ, ದವಡೆಯ ಮೂಳೆ. ಕೂದಲು ಓಡುವ ದಿಕ್ಕಿನಲ್ಲೇ, ಅಂದರೆ ಮುಂದಿನಿಂದ ಹಿಂದಕ್ಕೆ, ಮೇಲಿಂದ ಕೆಳಕ್ಕೆ. ತಗ್ಗಿನಲ್ಲಿ ಗಾಢ ಉಳಿಯುತ್ತದೆ, ಉಬ್ಬಿನಲ್ಲಿ ತಳಬಣ್ಣ ಹೊಳೆಯುತ್ತದೆ. ಬಟ್ಟೆ ಬಳಸಿದರೆ ಎಳೆ ಅಂಟುತ್ತದೆ, ಸ್ಪಂಜೇ ಸರಿ.

ಜೋಡಿಗಳು: ಬೇ ಕುದುರೆಗೆ 70.981 ಆರೆಂಜ್ ಬ್ರೌನ್ ತಳ, ಮೇಲೆ ಬರ್ಂಟ್ ಅಂಬರ್. ಗಾಢ ಬೇ ಕುದುರೆಗೆ 70.846 ಮಹಾಗನಿ ತಳ, ಮೇಲೆ ಬರ್ಂಟ್ ಅಂಬರ್ ಮತ್ತು ಕಪ್ಪು ಸಮಪಾಲು. ಚೆಸ್ಟ್‌ನಟ್‌ಗೆ 70.913 ಯೆಲ್ಲೊ ಓಕರ್ ತಳ, ಮೇಲೆ ಬರ್ಂಟ್ ಸಿಯೆನ್ನಾ. ಕಡುಗಂದಿಗೆ 70.872 ಚಾಕೊಲೇಟ್ ಬ್ರೌನ್ ತಳ, ಮೇಲೆ ಕಪ್ಪು. ಬೂದು ಕುದುರೆಗೆ ಈ ವಿಧಾನ ಬೇಡ, ತುಂಗಾತೀರ ಸರ್ ಹೇಳಿದ ಹಾಗೆ ಅಕ್ರಿಲಿಕ್ಕಿನಲ್ಲೇ ಮಾಡಿ.

ಅಂಬರ್ ಬೇಗ ಒಣಗುತ್ತದೆ, ಎರಡು ದಿನ ಸಾಕು. ಕಪ್ಪು ಆಯಿಲ್ ತುಂಬ ನಿಧಾನ, ಐದಾರು ದಿನ ಮುಟ್ಟಬೇಡಿ. ಒಣಗುವ ಮುಂಚೆ ಮೇಲೆ ಅಕ್ರಿಲಿಕ್ ಹಚ್ಚಿದರೆ ಹನಿಹನಿಯಾಗಿ ಜಾರುತ್ತದೆ, ಇಲ್ಲವೇ ತಿಂಗಳೊಳಗೆ ಬಿರಿಯುತ್ತದೆ. ಪೂರ್ತಿ ಒಣಗಿದ ಮೇಲೆಯೇ ಜೂಲು, ಬಾಲ, ಕಪ್ಪು ಕಾಲು, ಬಿಳಿ ಗುರುತು.

ಲಾಳದಕಟ್ಟೆ

ಬರೀ ಅಕ್ರಿಲಿಕ್ ಬೇಕಾದವರಿಗೆ: ಬೇ ಕುದುರೆಗೆ ಮಹಾಗನಿ ತಳ, ನೆರಳಿಗೆ 70.822 ಬ್ಲ್ಯಾಕ್ ಬ್ರೌನ್, ಬೆಳಕಿಗೆ ಮಹಾಗನಿ 2 ಪಾಲು, ಆರೆಂಜ್ ಬ್ರೌನ್ 1 ಪಾಲು. ಚೆಸ್ಟ್‌ನಟ್‌ಗೆ ಆರೆಂಜ್ ಬ್ರೌನ್ ಮತ್ತು 70.940 ಸ್ಯಾಡಲ್ ಬ್ರೌನ್ ಸಮಪಾಲು, ನೆರಳಿಗೆ 70.985 ಹಲ್ ರೆಡ್. ಚೆಸ್ಟ್‌ನಟ್ ಮೇಲೆ ಕಪ್ಪು ವಾಶ್ (ನೀರಾಗಿಸಿದ ತೆಳು ಬಣ್ಣ) ಹಾಕಬೇಡಿ. ಕೆಂಪು ಸತ್ತು ಕೆಸರು ಬಣ್ಣವಾಗುತ್ತದೆ, ಬೇ ಜೊತೆ ವ್ಯತ್ಯಾಸವೇ ಉಳಿಯುವುದಿಲ್ಲ.

ಕರಿ ಕುದುರೆಗೆ 70.950 ಕಪ್ಪು 3 ಪಾಲು, ಬ್ಲ್ಯಾಕ್ ಬ್ರೌನ್ 1 ಪಾಲು. ಬೆಳಕಿಗೂ ಬ್ಲ್ಯಾಕ್ ಬ್ರೌನ್ ಮಾತ್ರ, ಅದೂ ಭುಜ ಮತ್ತು ಪುಟ್ಟೆಗೆ. ತಿಳಿ ಬೂದು ಡ್ರೈಬ್ರಷ್ (ಒಣ ಕುಂಚದ ಉಜ್ಜು) ಹೊಡೆದರೆ ಸುಣ್ಣದ ಧೂಳು ಮೆತ್ತಿದ ಹಾಗೆ ಕಾಣುತ್ತದೆ. ನಿಜವಾದ ಕರಿ ಕುದುರೆ ಬಿಸಿಲಿಗೆ ತುಕ್ಕು ಕಂದಿಗೆ ತಿರುಗುತ್ತದೆ, ಬೂದಿಗಲ್ಲ.

ಬಯಲುಸೀಮೆ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಇದೇ ಲೆಕ್ಕ ಟಿಪ್ಪುವಿನ ಅಶ್ವದಳಕ್ಕೆ ನಡೆಯುತ್ತದೆಯೇ? ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ ಬಣ್ಣ ಆರಿಸೋಣ ಎಂದಿದ್ದೇನೆ.

ಮಲಪ್ರಭಾ

ಪ್ರಾಣಿಯ ಲೆಕ್ಕ ಎಲ್ಲಾ ಕಡೆ ಒಂದೇರಿ. ರೆಜಿಮೆಂಟಿನ ಲೆಕ್ಕ ಬ್ಯಾರೆ. ಸಿಲ್ಲೇದಾರ ತನ್ನ ಸ್ವಂತ ಕುದುರಿ ತಂದು ಚಾಕರಿ ಮಾಡಾಂವ, ಕುದುರಿ ಸತ್ರ ನಷ್ಟ ಅವಂದೇ. ಅಂಥ ದಳದಾಗ ಬಣ್ಣ ಜೋಡಸೋ ಮಾತೇ ಇಲ್ಲ. ಬೇ, ಚೆಸ್ಟ್‌ನಟ್, ಬೂದು, ಕರಿ ಎಲ್ಲಾ ಕಲಸಿ ಇಡ್ರಿ. ಸರಕಾರಿ ಕುದುರಿ ಹತ್ತೋ ದಳಕ್ಕ ಸ್ವಲ್ಪ ಒಂದೇ ಥರ ಮಾಡಿದ್ರ ನಡೀತದ.

ದಖ್ಖನದ ತಟ್ಟು ಯುರೋಪಿನ ಕುದುರಿಗಿಂತ ಸಣ್ಣದು. ಕ್ವಿರಾಸಿಯರ್ ಕುದುರಿ ಮ್ಯಾಲೆ ಸಿಲ್ಲೇದಾರನ್ನ ಕೂರಿಸಬ್ಯಾಡ್ರಿ, ಹಗುರ ಅಶ್ವದಳದ ಸಣ್ಣ ಕುದುರಿ ತಗೋರಿ. ಕಿವಿ ತುದಿ ಒಳಗ ಬಾಗಿ ಕೂಡೋದು ಮಾರವಾಡಿ, ಕಾಠಿಯಾವಾಡಿ ತಳಿ ಲಕ್ಷಣ, ಅದನ್ನ ಎಲ್ಲಾದಕ್ಕೂ ಹಚ್ಚಬ್ಯಾಡ್ರಿ.

ತುಂಗಾತೀರ

ದರಿಯಾ ದೌಲತ್ ಚಿತ್ರವನ್ನು ಸಂಯೋಜನೆಗೆ, ಜೀನಿನ ಬಟ್ಟೆಗೆ, ಸಾಲುಗಳ ಜೋಡಣೆಗೆ ಧಾರಾಳವಾಗಿ ನೋಡಿ. ಬಣ್ಣದ ಸಾಕ್ಷಿಯಾಗಿ ಹಿಡಿಯುವಾಗ ಎಚ್ಚರ ಬೇಕು. ಪೊಳ್ಳಿಲೂರು ಯುದ್ಧ 1780ರದ್ದು. 1799ರ ನಂತರ ಆ ಗೋಡೆಗಳಿಗೆ ಮತ್ತೆ ಬಣ್ಣ ಹಾಕಿಸಿದ್ದಾರೆ, 19ನೇ ಶತಮಾನದ ನಡುವೆ ಡಾಲ್‌ಹೌಸಿಯ ಕಾಲದಲ್ಲಿ ಇನ್ನೊಮ್ಮೆ. ಇವತ್ತು ಕಾಣುವ ಕೆಂಪು ಯಾರ ಕುಂಚದ್ದೆಂದು ಗೋಡೆ ನೋಡಿ ಹೇಳಲಾಗದು.

ಆದರೆ ಒಂದು ಮಾತು. ಭಾರತದ ಹಳೆಯ ಚಿತ್ರಗಳಲ್ಲಿ ಬಿಳಿ ಕುದುರೆಯ ಕಾಲು, ಹೊಟ್ಟೆ, ಬಾಲ ಕೆಂಪಗಿದ್ದರೆ ಅದನ್ನು ಕಲಾವಿದನ ಕಲ್ಪನೆ ಎಂದು ತಳ್ಳಿಹಾಕಬೇಡಿ. ಮೆರವಣಿಗೆಯ ಕುದುರೆಗೆ ಮದರಂಗಿ ಹಚ್ಚುವ ರೂಢಿ ಇತ್ತು. ಸರದಾರನ ಒಂದು ಕುದುರೆಗೆ ಹಾಗೆ ಮಾಡಿ: ಬಿಳಿ ಕುದುರೆ ಪೂರ್ತಿ ಮುಗಿದ ಮೇಲೆ ಆರೆಂಜ್ ಬ್ರೌನ್ 1 ಪಾಲು, ನೀರು 4 ಪಾಲು, ಕೆಳಗಿನಿಂದ ಮೇಲಕ್ಕೆ ಮೂರು ಸಲ, ಪ್ರತಿ ಸಲವೂ ಸ್ವಲ್ಪ ಕೆಳಗೇ ನಿಲ್ಲಿಸಿ.

ಬಯಲುಸೀಮೆ

ತುಂಬಾ ಉಪಕಾರವಾಯಿತು ಸರ್, ಮಲಪ್ರಭಾ ಅವರೇ. ಮೈಸೂರಿನ ದಳಕ್ಕೆ ಬೇರೆ ಎಳೆ ತೆರೆಯುತ್ತೇನೆ.

ಸಣ್ಣಸೈನ್ಯ

ಕೊನೆಯದಾಗಿ ಕೆಸರು ಮತ್ತು ವಾರ್ನಿಶ್. ಮಳೆಗಾಲ ಶುರುವಾಗಿದೆ, ಸ್ಪ್ರೇ ಹೊಡೆಯಬಹುದೇ?

ಕುಂಚಕೋಣೆ

ಬೇಡ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸ್ಪ್ರೇ ವಾರ್ನಿಶ್ ಬಿಳಿಚಿಕೊಂಡು ಮಂಜು ಕಟ್ಟುತ್ತದೆ. ಕರಿ ಮತ್ತು ಗಾಢ ಬೇ ಮೇಲೆ ಅದು ತುಂಬ ಕಾಣುತ್ತದೆ. ಕುಂಚದಿಂದ ಹಚ್ಚುವ ವಾರ್ನಿಶ್ ಬಳಸಿ. ಸವಾರನ ಬಟ್ಟೆಗೆ ಮ್ಯಾಟ್, ಕುದುರೆಯ ಮೈಗೆ ಸ್ಯಾಟಿನ್. ಮಾಲೀಸು ಮಾಡಿದ ಮೈಗೆ ಹೊಳಪಿರುತ್ತದೆ, ಪೂರ್ತಿ ಮ್ಯಾಟ್ ಹೊಡೆದರೆ ಮಣ್ಣಿನ ಬೊಂಬೆಯಾಗುತ್ತದೆ. ಕಣ್ಣಿಗೆ ಮಾತ್ರ ಕೊನೆಯಲ್ಲಿ ಒಂದು ಚುಕ್ಕೆ ಗ್ಲಾಸ್. ಕಣ್ಣಿನ ಬಿಳಿ ಬರೆಯಬೇಡಿ, ಕಡುಗಂದು ಸಾಕು.

ತುಂಗಾತೀರ

ಕೆಸರು ಹಾಕಲೇಬೇಕು. 17ರ ಮಧ್ಯಾಹ್ನದಿಂದ ರಾತ್ರಿಯಿಡೀ ಮಳೆ ಸುರಿದಿತ್ತು, 18ರ ಬೆಳಿಗ್ಗೆ ರೈ ಬೆಳೆಯ ಹೊಲಗಳೆಲ್ಲ ಕೆಸರು. ನಮ್ಮ ಕೆಮ್ಮಣ್ಣಿನ ಬಣ್ಣ ಕೈಗೆ ಬಂದುಬಿಡುತ್ತದೆ, ತಡೆಯಿರಿ. ಅಲ್ಲಿನದು ಹಳದಿ ಬೆರೆತ ಕಂದು ಮೆಕ್ಕಲು. 70.983 ಫ್ಲ್ಯಾಟ್ ಅರ್ಥ್ ಅನ್ನು ಹರಿದ ಸ್ಪಂಜಿನ ಚೂರಿನಿಂದ ಗೊರಸಿನಿಂದ ಮೊಣಕಾಲವರೆಗೆ ಒತ್ತಿ, ಮೇಲೆ ಹೋದಂತೆ ಕಡಿಮೆ. ಹಿಂಗಾಲು ಎರಚಿದ್ದು ಹೊಟ್ಟೆಯಡಿಗೂ ಬಾಲದ ತುದಿಗೂ ಬೀಳುತ್ತದೆ, ಬೆನ್ನಿಗಲ್ಲ. ಸ್ಯಾಟಿನ್ ವಾರ್ನಿಶ್ ಆದ ಮೇಲೆ ಕೆಸರು ಹಾಕಿ, ಮೊದಲೇ ಹಾಕಿದರೆ ಅದೂ ಹೊಳೆಯುತ್ತದೆ. ಗ್ರೇಸ್ ದಳದಲ್ಲಿ ಬಿಳಿಗೆ ಹತ್ತಿರದ ಆ ಮೂರು ಕುದುರೆಗಳಿಂದ ಶುರುಮಾಡಿ. ಅವುಗಳ ಮೇಲೆ ಎಷ್ಟು ಸಾಕು ಎಂದು ಕಣ್ಣಿಗೆ ತಿಳಿದರೆ ಉಳಿದ ಒಂಬತ್ತಕ್ಕೆ ಅಳತೆ ಸಿಕ್ಕಿದಂತೆ.